ಬಲಗಡೆಯ ಸ್ಪೀಕರ್ ಮೂಕಾದದ್ದು ಹೇಗೆ

"ಚಾಚಾ, ನಮ್ಮ ಮನ್ಯಾಗ ಒಂದು ಕೊಲಿ ಆಗೇತ್ರಿ."

ಅಂಗಡಿಯ ಮೆಟ್ಟಿಲ ಮೇಲೆ ನಿಂತು ಸವಿತಾ ಹೀಗೆಂದಾಗ ನನ್ನ ಕೈಯಲ್ಲಿದ್ದ ಚಹಾ ಲುಂಗಿಯ ಮೇಲೆ ಚೆಲ್ಲಿತು. ಹಜರತಅಲಿ ಮಾತ್ರ ಮೀಸೆ ಬಾಚಿಕೊಳ್ಳುವುದನ್ನು ನಿಲ್ಲಿಸಲಿಲ್ಲ.

"ಸತ್ತಾಂವ ಯಾರವ್ವಾ?"

"ನಮ್ಮ ಅಜ್ಜನ ಆಂಪ್ಲಿಫೈಯರ್ ರೀ."

ಹಿರೇಕೆರೂರಿನ ಬಸ್ ನಿಲ್ದಾಣದ ಎದುರು ಹಜರತಅಲಿಯ ರಿಪೇರಿ ಅಂಗಡಿ. ಕೆಟ್ಟ ಟೇಪ್‌ರೆಕಾರ್ಡರ್, ಕಳೆದ ಕೋಳಿ, ಮಾಯವಾದ ಸೈಕಲ್ಲು ಎಲ್ಲಕ್ಕೂ ಸುತ್ತಲಿನ ಹಳ್ಳಿಯವರು ಬರುವುದು ಇವನ ಹತ್ತಿರವೇ. ನಾನು ಹಾಲೇಶ, ಪಕ್ಕದ ಹೊಲಿಗೆ ಅಂಗಡಿಯವನು. ಅವನ ಚೀಲ ಹೊರುವುದು, ಅವನನ್ನು ಹೊಗಳುವುದು ಇವೆರಡು ನನ್ನ ಪಾಲಿನ ಕೆಲಸ. ಎರಡನೆಯದನ್ನು ನಾನು ಮರೆತರೆ ಅವನೇ ಮಾಡಿಕೊಳ್ಳುತ್ತಾನೆ.

ಸವಿತಾ ಚಿಕ್ಕೇರೂರಿನ ಚಂದ್ರಪ್ಪನ ಮಗಳು. ಅವಳ ಅಜ್ಜ ಮುಂಬೈಯಿಂದ ಹೊತ್ತು ತಂದ ಸ್ಟೀರಿಯೊ ಪವರ್ ಆಂಪ್ಲಿಫೈಯರ್ ಅದು. ಕಬ್ಬಿಣದ ಕಪ್ಪು ಪೆಟ್ಟಿಗೆ, ಎತ್ತಲು ಇಬ್ಬರು ಬೇಕು.

"ಆಯುಧಕ್ಕ ಖಂಡೇ ಪೂಜಾ ಮಾಡಿದ ದಿನಾ ಸಂಜೀಕ ಹಚ್ಚಿದ್ರ ಬಲಗಡೆ ಸ್ಪೀಕರ್ ಗುಂಯ್ ಅಂದು ಮೂಕಾತ್ರಿ. ನಮ್ಮ ಫಕ್ಕೀರೇಶ ಕಾಕಾನೇ ಕೆಡಿಸ್ಯಾನಂತ ನಮ್ಮಪ್ಪ ಅವನ ಮ್ಯಾಲೆ ಹರಿಹಾಯ್ದ. ಇನ್ನ ನಿಮ್ಮ ಹೊಸ್ತಿಲಾ ತುಳಿಯಾಂಗಿಲ್ಲ ಅಂತ ಕಾಕಾ ಆಣಿ ಮಾಡಿ ಹೋದ. ಅಣ್ಣ ತಮ್ಮ ದಸರಾಕ್ಕ ಬನ್ನಿ ಸೈತ ಕೊಡ್ಲಿಲ್ರಿ." ಹುಡುಗಿಯ ಕಣ್ಣು ತುಂಬಿದವು. "ನಾಡಿದ್ದು ನನ್ನ ನಿಶ್ಚಯ. ಶಿಗ್ಗಾಂವದಿಂದ ಬೀಗರು ಬರ್ತಾರ. ನನ್ನ ಎತ್ತಿ ಆಡಿಸಿದ ಕಾಕಾ ಇಲ್ದ ನಾ ಮಣೆ ಮ್ಯಾಲೆ ಕುಂದ್ರಾಂಗಿಲ್ರಿ."

ಹಜರತಅಲಿ ಬಾಚಣಿಗೆಯನ್ನು ಜೇಬಿಗಿಟ್ಟು, "ಹಾಲೇಶಾ, ಚೀಲಾ ಎತ್ತು," ಎಂದ.

ಚಂದ್ರಪ್ಪ ನಮ್ಮನ್ನು ಬಾಗಿಲಲ್ಲೇ ಹಿಡಿದು ಪಡಸಾಲೆಗೆ ಎಳೆದೊಯ್ದ. ಪೆಟ್ಟಿಗೆಯ ಮೇಲೆ ಅವನ ತಾಯಿ ಸುಶೀಲವ್ವ ಕಸೂತಿ ಹಾಕಿದ ಹೊದಿಕೆ ಇತ್ತು. ಅದನ್ನು ಸರಿಸಿ ಅವನು ಬಲಗಡೆಯ ಮೂಲೆಗೆ ಬೆರಳಿಟ್ಟ. ಅಲ್ಲೊಂದು ತಗ್ಗು ಬಿದ್ದು ಬಣ್ಣ ಹಾರಿತ್ತು.

"ನೋಡ್ರಿ ಸಾಹೇಬ್ರ, ಸುತಗೀಲೆ ಹೊಡದಾನ! ಆಮ್ಯಾಲೆ ಬಿಚ್ಚಿ ಒಳಗಿಂದು ಏನೋ ಕಿತ್ತಾನ. ಎದುರು ಮನಿ ಅವಂದು. ಬೆಳಿಗ್ಗೆ ಭಜನಿ ಹಚ್ಚಿದ್ರ ನಿದ್ದಿ ಹಾಳಾಗತೈತಂತ. ಈ ಡಬ್ಬಿಗೆ ಒಂದಿನಾ ಬೆಂಕಿ ಹಚ್ಚತೇನಂತ ಊರ ಮುಂದ ಅಂದಾನ."

"ಎಡಗಡೆ ಹಾಡತೈತಲ್ಲ?"

"ಅರ್ಧಾ ಭಜನಿ ಕೇಳಿ ಪಾಪ ಕಟಗೋಬೇಕೇನ್ರಿ? ಪೂರ್ತಿ ಬಂದ್ ಇಟ್ಟೇನಿ."

"ಅದಕ್ಕ ನನ್ನ ಮೊಸರು ಹೆಪ್ಪಾಗವಲ್ದು," ಎಂದಿತು ಅಡಿಗೆಮನೆಯ ಕಡೆಯಿಂದ ಒಂದು ದನಿ. ಚಂದ್ರಪ್ಪನ ಹೆಂಡತಿ ನಾಗರತ್ನಾ ನಾಲಿಗೆ ಕಚ್ಚಿಕೊಂಡಳು. ಹಜರತಅಲಿ ಬಿಡಲಿಲ್ಲ, ಕೇಳಿಯೇ ಕೇಳಿದ. ಪೆಟ್ಟಿಗೆಯ ಎಡಗಡೆ ಯಾವಾಗಲೂ ಬೆಚ್ಚಗೆ ಇರುವುದರಿಂದ ಅವಳು ಹೆಪ್ಪು ಹಾಕಿದ ಹಾಲಿನ ಗುಂಡಿ ಪಾತ್ರೆಯನ್ನು ಅಲ್ಲಿಡುತ್ತಿದ್ದಳಂತೆ. ಗುಂಡಿಯ ತಳದ ದುಂಡು ಗುರುತು ಎಡಗಡೆಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ನಮ್ಮಪ್ಪನ ಸಾಮಾನಿನ ಮ್ಯಾಲೆ ಮೊಸರಾ?" ಚಂದ್ರಪ್ಪ ಹೊದಿಕೆಯಿಂದಲೇ ಆ ಗುರುತನ್ನು ಒರೆಸತೊಡಗಿದ.

ಅಪರಾಧಿ ಸಿಕ್ಕಿದಳೆಂದು ನಾನು ಹಜರತಅಲಿಗೆ ಕಣ್ಣು ಹೊಡೆದೆ. ಅವನು ನನ್ನತ್ತ ನೋಡಲೂ ಇಲ್ಲ. ಬ್ಯಾಟರಿ ಹಿಡಿದು ಮುಚ್ಚಳದ ಸ್ಕ್ರೂಗಳನ್ನು ಒಂದೊಂದಾಗಿ ನೋಡಿದ. ಎಲ್ಲದರ ಸೀಳಿನಲ್ಲೂ ಪೂಜೆಯ ಕುಂಕುಮ ಒಣಗಿ ಗಟ್ಟಿಯಾಗಿ ಕೂತಿತ್ತು.

"ಪೂಜಾ ಮಾಡಿದಾವ್ರು ಯಾರು?"

"ನಾನ. ಬ್ಯಾರೆ ಯಾರನ್ನೂ ಮುಟ್ಟಗೊಡಾಂಗಿಲ್ಲ. ಟ್ರ್ಯಾಕ್ಟರ್, ಪಂಪು, ಕುಡಗೋಲು ಎಲ್ಲಾ ಕೂಡಿ ಒಂದು ಕಾಯಿ. ಇದಕ್ಕ ಮಾತ್ರ ಬ್ಯಾರೆ ಕಾಯಿ," ಎಂದು ಚಂದ್ರಪ್ಪ ಎದೆಯುಬ್ಬಿಸಿದ.

"ಸುಡ್ಲಿ ಆ ಕಾಯಿ," ಎನ್ನುತ್ತ ಸುಶೀಲವ್ವ ತಿನ್ನಲು ಚೂಡಾ ತಂದಿಟ್ಟಳು. "ಚಟ್ನಿ ಅರದ್ರ ಹಲ್ಲಾಗ ಕರೇ ಚಕ್ಕಿ ಸಿಕ್ವು. ಮುಂದಿನ ಸಲ ಬ್ಯಾರೆ ಅಂಗಡ್ಯಾಗ ತಗೊಂಡ್ ಬಾ."

ಹಜರತಅಲಿ ಮುಚ್ಚಳ ತೆಗೆದ. ಮುಚ್ಚಳದಲ್ಲಿ ಗಾಳಿಗೆಂದು ಬಿಟ್ಟ ಸೀಳುಗಳಿದ್ದವು. ಬಲಗಡೆಯ ಸೀಳುಗಳ ಕೆಳಗಿನ ಬೋರ್ಡಿನ ಮೇಲೆ ಕಂದು ಬಣ್ಣದ ಅಂಟು, ತಾಮ್ರದ ಮೇಲೆ ಹಸಿರು ಕಿಲುಬು, ಅದರ ಸುತ್ತ ಇರುವೆಗಳ ದೊಡ್ಡ ಮೆರವಣಿಗೆ. ನೋಡನೋಡುತ್ತಿದ್ದಂತೆ ಆ ಮಹಾರಾಯ ಅಂಟಿಗೆ ಬೆರಳು ಹಚ್ಚಿ ನೆಕ್ಕಿಬಿಟ್ಟ. ನನ್ನ ಬಾಯಲ್ಲಿದ್ದ ಚೂಡಾ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಬಲಗಡೆಯ ಫ್ಯೂಜ್ ಸುಟ್ಟಿತ್ತು. ಹೊಸದನ್ನು ಹಾಕಿ, ತನ್ನ ಸೀರೀಸ್ ಬಲ್ಬಿನ ಮೂಲಕ ಕರೆಂಟು ಕೊಟ್ಟ. ಬಲ್ಬು ಭಗ್ಗನೆ ಉರಿಯಿತು. ಒಳಗೆ ಶಾರ್ಟ್ ಇದ್ದರೆ ಅದು ಹಾಗೆ ಉರಿಯುತ್ತದೆ, ಇಲ್ಲದಿದ್ದರೆ ಮಂಕಾಗುತ್ತದೆ. ಇಷ್ಟು ವರ್ಷ ಚೀಲ ಹೊತ್ತು ನಾನು ಕಲಿತ ವಿದ್ಯೆ ಇಷ್ಟೇ. ಬಲಗಡೆಯ ದೊಡ್ಡ ಟ್ರಾನ್ಸಿಸ್ಟರುಗಳು ಸತ್ತಿದ್ದವು. ಬೋರ್ಡನ್ನು ಸ್ಪಿರಿಟ್‌ನಿಂದ ತೊಳೆದು ಒಣಗಿಸಿ, ಕಿಲುಬು ತಿಂದ ಭಾಗಗಳನ್ನು ಬದಲಿಸಿ, ಚೀಲದಲ್ಲಿದ್ದ ಹಳೆಯ ಜೋಡಿ ಟ್ರಾನ್ಸಿಸ್ಟರುಗಳನ್ನು ಬೆಸುಗೆ ಹಾಕಿದ. ಈ ಸಲ ಬಲ್ಬು ಒಮ್ಮೆ ಮಿನುಗಿ ಮಂಕಾಯಿತು.

"ಎಲ್ಲಾರನ್ನೂ ಕರೀರಿ," ಎಂದ ಹಜರತಅಲಿ, ಬಾಚಣಿಗೆ ತೆಗೆಯುತ್ತ.

ಎಲ್ಲರೂ ಬಂದರು, ಫಕ್ಕೀರೇಶನನ್ನು ಬಿಟ್ಟು. ಅವನು ಓಣಿಯಾಚೆ ತನ್ನ ಕಟ್ಟೆಯ ಮೇಲೆ ನಮಗೆ ಬೆನ್ನು ಹಾಕಿ ಕುಳಿತ. ಮುಖ ಆ ಕಡೆಗಿದ್ದರೂ ಕಿವಿ ಈ ಕಡೆಗೇ ಇತ್ತು. ಹಜರತಅಲಿ ಬಾಗಿಲನ್ನು ಪೂರ್ತಿ ತೆರೆಸಿ ದನಿ ಎತ್ತರಿಸಿದ.

"ಮೊದಲನೇ ಮಾತು. ಫಕ್ಕೀರೇಶ ಪೆಟಗಿ ಬಿಚ್ಚಿಲ್ಲ. ಸ್ಕ್ರೂ ತಿರುವಿದ್ರ ಅದರಾಗಿನ ಕುಂಕುಮ ಉದುರಬೇಕಿತ್ತು. ಪೂಜಾ ಆದಮ್ಯಾಲೆ ಯಾರೂ ಬಿಚ್ಚಿಲ್ಲ. ಅಂದ್ರ ಒಳಗ ಹೋಗಿದ್ದು ಮ್ಯಾಲಿನ ಸೀಳಿನಿಂದ."

"ಮೊಸರು!" ಎಂದೆ ನಾನು.

"ಹಾಲೇಶಾ, ನೀ ಅಂಗಿಗೆ ಗುಂಡಿ ಹಚ್ಚೂದು ಚಲೋ ಹಚ್ಚತಿ, ಅಷ್ಟಕ್ಕ ಇರು. ಗುಂಡಿ ಇಟ್ಟಿದ್ದು ಎಡಕ್ಕ, ಕೆಟ್ಟಿದ್ದು ಬಲಕ್ಕ. ಮೊಸರು ಹುಳಿ, ಇದು ಸಿಹಿ. ನಾ ರುಚಿ ನೋಡೇನಿ, ನನಗಿಂತ ಮೊದಲು ಇರುವಿ ನೋಡ್ಯಾವ. ಖಂಡೇ ಪೂಜಾದಾಗ ಸಿಹಿ ನೀರು ಎಲ್ಲಿಂದ ಬರತೈತ್ರಿ?"

ಹಜರತಅಲಿ ಪೆಟ್ಟಿಗೆಯ ಬಲಮೂಲೆಗೆ ಬಾಚಣಿಗೆ ತಾಗಿಸಿದ.

"ಇನ್ನ ಈ ತಗ್ಗು. ಸುತಗಿ ಹೊಡದ್ರ ಬಣ್ಣ ನೆಲಕ್ಕ ಬೀಳತೈತಿ. ಈ ಬಣ್ಣ ಸುಶೀಲವ್ವನ ಹಲ್ಲಾಗ ಹೆಂಗ ಬಂತು? ಕಾಯಿಗೆ ಹತ್ತಿ ಬಂತು. ಚಂದ್ರಪ್ಪಣ್ಣಾ, ಟ್ರ್ಯಾಕ್ಟರಿನ ಕಾಯಿ ಎಲ್ಲಿ ಒಡದ್ರಿ?"

"ಕಲ್ಲಿನ ಮ್ಯಾಲೆ."

"ಇದರ ಕಾಯಿ?"

ಚಂದ್ರಪ್ಪ ತಲೆ ತಗ್ಗಿಸಿದ. "ಅಪ್ಪನ ಸಾಮಾನು. ಅದರ ಕಾಯಿ ನೆಲಕ್ಕ ಯಾಕ ಒಡೀಬೇಕಂತ… ಅದರ ಮೂಲಿಗೇ ಒಡದ್ನಿ. ಗಟ್ಟಿ ಕಬ್ಬಿಣಾ, ಒಂದ ಏಟಿಗೆ ಹೋಳಾತು. ನೀರು ಅಪ್ಪಗ ಮುಟ್ಲಿ ಅಂತ ಮ್ಯಾಲೆ ಬಿಟ್ಟೆ."

"ಆಮ್ಯಾಲೆ ಹೂವು ಹೊಚ್ಚಿದ್ರಿ, ತಗ್ಗು ಮುಚ್ಚಿತು. ಸಂಜೀಕ ಸ್ವಿಚ್ ಹಾಕಿದ್ರಿ, ಹಸೀ ಬೋರ್ಡು ಶಾರ್ಟಾತು. ಮರುದಿನ ಹೂವು ತಗದಾಗ ತಗ್ಗು ಕಂಡು ತಮ್ಮನ ಹೆಸರು ಹೇಳಿದ್ರಿ."

"ತೀರ್ಥದಿಂದ ಯಂತ್ರ ಕೆಡತೈತೇನ್ರಿ, ಸಾಹೇಬ್ರ?"

"ಯಂತ್ರಕ್ಕ ತೀರ್ಥ ಗೊತ್ತಿಲ್ರಿ. ನೀರು ಅಷ್ಟ ಗೊತ್ತು."

ನಾಗರತ್ನಾ ಸೆರಗನ್ನು ಬಾಯಿಗೆ ಒತ್ತಿ ನಕ್ಕಳು. ಸುಶೀಲವ್ವ ಮಗನ ತಲೆಗೊಂದು ಮೊಟಕಿದಳು. ಓಣಿಯಾಚೆಯ ಬೆನ್ನು ಮಾತ್ರ ಅಲುಗಲಿಲ್ಲ. ನಿರಪರಾಧಿ ಎನಿಸಿಕೊಂಡ ಮಾತ್ರಕ್ಕೆ ಅವಮಾನ ಇಳಿಯುವುದಿಲ್ಲವಲ್ಲ. ಸವಿತಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು, ಅಪ್ಪ ನೆಲವನ್ನು ನೋಡುತ್ತಿದ್ದ.

"ರಿಪೇರಿ ಪರೀಕ್ಷಾ ಮಾಡೂಣು," ಎಂದು ಹಜರತಅಲಿ ತನ್ನ ಸಣ್ಣ ಮಿಕ್ಸರನ್ನೂ ಮೈಕನ್ನೂ ಜೋಡಿಸಿದ. ಸ್ಪೀಕರುಗಳನ್ನು ಬಾಗಿಲ ಕಡೆ ತಿರುಗಿಸಿ, ಮೈಕನ್ನು ಚಂದ್ರಪ್ಪನ ಮಗ್ಗುಲಲ್ಲಿಟ್ಟು, "ಸ್ವಲ್ಪ ತಡೀರಿ, ವೈರ್ ನೋಡತೇನಿ," ಎಂದು ಪೆಟ್ಟಿಗೆಯ ಹಿಂದೆ ಬಗ್ಗಿದ. ಬಗ್ಗಿದವನು ಏಳಲೇ ಇಲ್ಲ.

"ಹೋಗಿ ಕರದು ಬರ್ರಿ," ಎಂದಳು ನಾಗರತ್ನಾ ಪಿಸುದನಿಯಲ್ಲಿ.

"ಯಾವ ಮಾರಿ ತೋರಿಸ್ಲಿ?" ಚಂದ್ರಪ್ಪನೂ ಪಿಸುಗುಟ್ಟಿದ. "ತಪ್ಪು ನಂದು. ಅಪ್ಪ ಹ್ವಾದ ಮ್ಯಾಲೆ ಅವನ್ನ ಮಗನಂಗ ಸಾಕಿದ್ನಿ, ಅವಗ ಕಳ್ಳ ಅಂದ್ನಿ. ಅಂವಾ ಬರಲಿಲ್ಲಂದ್ರ ನಾನೂ ನಿಶ್ಚಯಕ್ಕ ಕುಂದ್ರಾಂಗಿಲ್ಲ."

ಅವನ ಒಂದೊಂದು ಮಾತೂ ಗುಡುಗಿನಂತೆ ಓಣಿಗೆ ಹೋಯಿತು. ಎದುರಿನ ಮಾಳಿಗೆಯ ಪಾರಿವಾಳಗಳು ಹಾರಿದವು. ಊರ ಅಗಸೆ ಬಾಗಿಲ ಹತ್ತಿರ ಎಮ್ಮೆ ಹಿಡಿದು ಹೊರಟಿದ್ದ ಗುತ್ತೆವ್ವ ನಿಂತು ನೋಡಿದಳು. ಚಂದ್ರಪ್ಪ ಬೆಚ್ಚಿ ಮೈಕ್ ಕಡೆ ನೋಡಿದ, ನಾನು ಪೆಟ್ಟಿಗೆಯ ಹಿಂದೆ ನೋಡಿದೆ. ನನ್ನ ಗೆಳೆಯ ಅಲ್ಲಿ ಆರಾಮಾಗಿ ಕುಳಿತು ಮೀಸೆ ಬಾಚಿಕೊಳ್ಳುತ್ತಿದ್ದ.

ತಲೆ ಎತ್ತುವಷ್ಟರಲ್ಲಿ ಫಕ್ಕೀರೇಶ ಹೊಸ್ತಿಲೊಳಗೆ ನಿಂತಿದ್ದ. ಕಣ್ಣು ಕೆಂಪಗಿದ್ದವು.

"ಅಣ್ಣಾ," ಎಂದ, ಮೂಗು ಒರೆಸಿಕೊಳ್ಳುತ್ತ. "ಇನ್ನೊಮ್ಮೆ ಹೇಳು. ಬಲಗಡೆದು ಸರಿ ಕೇಳಲಿಲ್ಲ."