ಇಪ್ಪತ್ತೇಳು ಉಸಿರು

“ಕುರ್ಚಿ ಗಿರ್ಚಿ ಏನೂ ನಡ್ಯಾಂಗಿಲ್ಲ,” ಎನ್ನುತ್ತ ಪಿ.ಟಿ. ಸರ್ ಮುರಗೆಪ್ಪ ಪಟ್ಟಿಯಲ್ಲಿದ್ದ ಒಂದು ಹೆಸರಿನ ಮೇಲೆ ಗೆರೆ ಎಳೆದೇಬಿಟ್ಟರು.

ಅದು ಬ್ರಾಹ್ಮಿಯ ಅಜ್ಜ ಶಾಂತಿನಾಥರ ಹೆಸರು.

“ಯಾಕ್ರಿ ಸರ್?” ಬ್ರಾಹ್ಮಿ ಎದ್ದು ನಿಂತಳು.

“ಯೋಗಾ ಅಂದ್ರ ನೆಲದ ಮ್ಯಾಲ ಕೂಡಬೇಕವಾ. ಕುರ್ಚಿ ಮ್ಯಾಲ ಕೂಡಾಕ ಚೀಫ್ ಗೆಸ್ಟ್ ಅದಾರ.”

ಐದನೆಯ ಇಯತ್ತೆಯ ತರಗತಿ ಇಡೀ ನಕ್ಕಿತು.

ಯೋಗ ದಿನಕ್ಕೆ ಇನ್ನು ನಾಲ್ಕೇ ದಿನ ಉಳಿದಿತ್ತು. ಹಿಂದಿನ ಎರಡು ವರ್ಷ ಮಕ್ಕಳಷ್ಟೇ ಆಸನ ಮಾಡಿದ್ದರು. ಮೂರನೆಯ ವರ್ಷ ಉಗಾರ ಖುರ್ದದ ಆ ಶಾಲೆಯಲ್ಲಿ ಹೊಸದೊಂದು ಯೋಚನೆ ಹುಟ್ಟಿತ್ತು. ಪ್ರತಿಯೊಬ್ಬರೂ ಮನೆಯಿಂದ ಅಜ್ಜನನ್ನೋ ಅಜ್ಜಿಯನ್ನೋ ಕರೆತರಬೇಕು. ಎಲ್ಲರೂ ಸೇರಿ ಮೈದಾನದಲ್ಲಿ ಯೋಗ ಮಾಡಬೇಕು. ಬ್ರಾಹ್ಮಿ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟಿದ್ದಳು.

“ಅವರ ಅಜ್ಜಗ ನೆನಪೂ ಇರಾಂಗಿಲ್ರೀ ಸರ್,” ಎಂದ ಹಿಂದಿನ ಬೆಂಚಿನ ಸಂದೇಶ. “ಮೊನ್ನೆ ನಮ್ಮ ಅಂಗಡಿಗೆ ಮೂರ ಸರ್ತಿ ಬಂದು ಮೂರ ಸಾಬಾಣ ಒಯ್ದಾರ. ಆಸನ ಮಾಡ್ಕೋತ ಮಾಡ್ಕೋತ ಹೊಳಿ ಕಡೆ ನಡದಬಿಟ್ರ?”

ಮತ್ತೆ ನಗು. ಬ್ರಾಹ್ಮಿಯ ಕಿವಿ ಕಾದ ಕಬ್ಬಿಣದಂತಾಯಿತು.

“ನಮ್ಮ ಅಜ್ಜ ಮರತಾನ. ನಿಮ್ಮಪ್ಪ ಮೂರೂ ಸರ್ತಿ ಯಾಕ ಕೊಟ್ಟ? ಅಂವಗೂ ಮರವೇನು?”

ಈ ಸಲ ನಕ್ಕವರು ಸಂದೇಶನ ಕಡೆ ನೋಡಿ ನಕ್ಕರು. ಆದರೆ ಪಟ್ಟಿಯ ಮೇಲಿನ ಗೆರೆ ಹಾಗೆಯೇ ಉಳಿಯಿತು.

ಅಜ್ಜ ಮೂವತ್ತೆರಡು ವರ್ಷ ಸಕ್ಕರೆ ಕಾರಖಾನೆಯಲ್ಲಿ ಕೆಲಸ ಮಾಡಿದವನು. ಕುದಿಯುವ ಪಾಕದ ಒಂದು ಹನಿಯನ್ನು ಎರಡು ಬೆರಳ ನಡುವೆ ಹಿಡಿದು, “ಇನ್ನ ಹತ್ತು ಮಿನಿಟಿಗೆ ಹರಳು ಕಟ್ಟತೈತಿ” ಎಂದರೆ ಹತ್ತೇ ನಿಮಿಷಕ್ಕೆ ಹರಳು ಕಟ್ಟುತ್ತಿತ್ತು. ಅಂಥ ಅಜ್ಜನಿಗೆ ಹೋದ ವರ್ಷ ನಾಲ್ಕು ಹೆಜ್ಜೆಗೆ ಏದುಸಿರು ಬರತೊಡಗಿತು. ಕಾಲು ಬಾತವು. ಆಮೇಲೆ ಮರೆವು ಶುರುವಾಯಿತು.

ಮಿರಜದ ಆಸ್ಪತ್ರೆಗೆ ಹೋದಾಗ ಬ್ರಾಹ್ಮಿಯೂ ಜೊತೆಗಿದ್ದಳು. ಅಲ್ಲಿ ವ್ಯಾಯಾಮ ಕಲಿಸುವ ನೀಲಮ ಅಕ್ಕ ಅವಳಿಗೂ ತಿಳಿಯುವ ಹಾಗೆ ಹೇಳಿದ್ದಳು.

“ಹೃದಯ ಅಂದ್ರ ಮನ್ಯಾಗಿನ ನೀರಿನ ಮೋಟರ್ ಇದ್ದಂಗ. ಮೋಟರ್ ಸೋತರ ಮ್ಯಾಲಿನ ಟಾಕಿಗೆ ನೀರು ಕಮ್ಮಿ ಏರತೈತಿ. ಅಜ್ಜಾರ ಟಾಕಿ ಯಾವುದು ಹೇಳು?”

ಬ್ರಾಹ್ಮಿ ತನ್ನ ತಲೆ ಮುಟ್ಟಿ ತೋರಿಸಿದ್ದಳು.

“ಶಾಣ್ಯಾಕಿ! ದಿನಾ ಕುರ್ಚಿ ಮ್ಯಾಲ ಕುಂತು ಸಾವಕಾಶ ಕೈ ಎತ್ತಿ ಇಳಸಬೇಕು, ಮೆಲ್ಲಗ ಉಸಿರಾಡಬೇಕು. ಟಾಕಿಗೂ ಅದರಿಂದ ಆಸರಾ ಆಗಬಹುದು. ಮರವು ಪೂರಾ ಹೋಗತೈತಿ ಅಂತ ನಾ ಸುಳ್ಳ ಹೇಳಾಂಗಿಲ್ಲ. ಆದ್ರ ಗುಳಗಿ ಬಿಡೂದಲ್ಲ. ತಲಿ ಕೆಳಗ ಬಗ್ಗಸೂದಲ್ಲ. ಉಸಿರು ಹಿಡಿಯೂದಂತೂ ಬ್ಯಾಡ ಅಂದ್ರ ಬ್ಯಾಡ.”

ಅಜ್ಜ ನಕ್ಕಿದ್ದ. “ಮೆಲ್ಲಗ ಉಸಿರು ಎಣಸೂದು ನಂಗೇನು ಹೊಸಾದಲ್ಲ ತಂಗಿ. ಸಣ್ಣಾಂವ ಇದ್ದಾಗಿಂದ ಬಸದಿಯೊಳಗ ಅದನ್ನ ಮಾಡೀನಿ. ಒಂದ ನವಕಾರ ಮಂತ್ರಕ್ಕ ಮೂರು ಉಸಿರು. ಒಂಬತ್ತು ನವಕಾರಕ್ಕ ಇಪ್ಪತ್ತೇಳು.”

“ಹಂಗಾದ್ರ ಅದನ್ನ ಮಾಡ್ರಿ ಅಜ್ಜಾರ,” ಎಂದು ನೀಲಮ ಅಕ್ಕ ಪೇಪರಿನ ಮೇಲೆ ಎಲ್ಲವನ್ನೂ ಬರೆದುಕೊಟ್ಟಿದ್ದಳು.

ಅಂದಿನಿಂದ ಬೆಳಿಗ್ಗೆ ಒಮ್ಮೆ, ಸಂಜೆಯ ಊಟ ಹೊತ್ತು ಮುಳುಗುವ ಮೊದಲೇ ಮುಗಿದ ಮೇಲೆ ಒಮ್ಮೆ, ಅಂಗಳದ ಕಬ್ಬಿಣದ ಕುರ್ಚಿಯಲ್ಲಿ ಅಜ್ಜ ಕೂರುತ್ತಿದ್ದ. ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಮುಟ್ಟುತ್ತ ನವಕಾರ ಎಣಿಸುತ್ತಿದ್ದ. ನಡುವೆ ಲೆಕ್ಕ ತಪ್ಪಿದರೆ, “ಹೋಗಲಿ, ಮತ್ತ ಒಂದರಿಂದ” ಎಂದು ಮೊದಲ ಗೆಣ್ಣಿಗೆ ಹೆಬ್ಬೆರಳು ತರುತ್ತಿದ್ದ.

ಇದು ಯೋಗ ಅಲ್ಲವಂತೆ! ಮುರಗೆಪ್ಪ ಸರ್‌ಗೆ ಏನು ಗೊತ್ತು?

ಮರುದಿನ ಬ್ರಾಹ್ಮಿ ಮಿರಜದ ಪೇಪರನ್ನು ಕಂಪಾಸ್ ಪೆಟ್ಟಿಗೆಯಲ್ಲಿ ಮಡಚಿಟ್ಟುಕೊಂಡು ಶಾಲೆಗೆ ಹೋದಳು. ನೇರ ಹೆಡ್ ಮೇಡಂ ಪ್ರಾಜಕ್ತಾ ಅವರ ಕೋಣೆಗೆ ನುಗ್ಗಿದಳು.

“ಮೇಡಂ, ಕುರ್ಚಿ ಮ್ಯಾಲಿಂದೂ ಯೋಗಾನ ರೀ. ಆಸ್ಪತ್ರ್ಯಾಗ ಬರದ ಕೊಟ್ಟಾರ್ರಿ. ನೋಡ್ರಿ.”

ಮೇಡಂ ಪೇಪರಿನ ಮೇಲಿನ ಸಾಲು ಓದಿದರು. ಅಷ್ಟರಲ್ಲಿ ಫೋನ್ ಬಂತು. ಪೇಪರನ್ನು ಪಕ್ಕದಲ್ಲೇ ನಿಂತಿದ್ದ ಮುರಗೆಪ್ಪ ಸರ್ ಕೈಗೆ ಕೊಟ್ಟು, “ಹಿಂದ, ಬೇವಿನ ಗಿಡದ ಕಡೆ ಒಂದ ಕುರ್ಚಿ ಇಡಸ್ರಿ” ಎಂದರು.

ಸರ್ ಪೇಪರನ್ನು ಬಿಚ್ಚದೆಯೇ ದಿನವೂ ತೊಡುವ ಟ್ರ್ಯಾಕ್ ಸೂಟಿನ ಜೇಬಿಗೆ ಇಳಿಸಿಬಿಟ್ಟರು. “ಆತು. ಆದ್ರ ನಡುವ ಮರತು ಅವರೊಂದು ನಾವೊಂದು ಮಾಡಿದ್ರ ಎಲ್ಲಾರ ಮುಂದ ನಗಿಗೇಡು ಆಕ್ಕೈತಿ. ನೀನ ಜವಾಬ್ದಾರಿ.”

“ತಪ್ಪಂಗಿಲ್ರಿ!” ಎಂದಳು ಬ್ರಾಹ್ಮಿ.

ಅಂದಿನ ಸಂಜೆಯೇ ಅಂಗಳದಲ್ಲಿ ತಾಲೀಮು ಶುರುವಾಯಿತು. “ಅಜ್ಜಾ, ಕೈ ಮ್ಯಾಲ. ಅಲ್ಲ, ಎರಡೂ! ಈಗ ಕತ್ತು. ಮತ್ತ ತಪ್ಪು! ಮೊದಲಿಂದ ಮಾಡು!”

ಅಜ್ಜ ಮಾಡಿದ. ಮತ್ತೆ ತಪ್ಪಿತು. ಬ್ರಾಹ್ಮಿ ತಾನೇ ಅವನ ಎರಡೂ ಕೈ ಹಿಡಿದು ಮೇಲೆತ್ತಿದಳು. ಅಜ್ಜ ಕೈ ಬಿಡಿಸಿಕೊಂಡ.

ಜೋಳ ಹಸನು ಮಾಡುತ್ತಿದ್ದ ಅಜ್ಜಿ ತಾರಾಬಾಯಿ ತಲೆ ಎತ್ತಿದಳು. “ಏನ ಬೇ ಇದು? ಅಂವ ನಿನ್ನ ಅಜ್ಜ ಅದಾನೋ, ಸರ್ಕಸ್ಸಿನ ಆನಿ ಅದಾನೋ?”

“ನಿಂಗೇನ ಗೊತ್ತ ಆಯಿ, ಸಾಲ್ಯಾಗ ಹೆಂಗ ನಗ್ತಾರ ಅಂತ!” ಎಂದಳು ಬ್ರಾಹ್ಮಿ.

ಯೋಗ ದಿನದ ಹಿಂದಿನ ಸಂಜೆ ಅವಳಿಗೆ ಒಂದು ಉಪಾಯ ಹೊಳೆಯಿತು. ಅವರ ಮನೆಯಲ್ಲಿ ಎಲ್ಲದಕ್ಕೂ ನೇಮವಿತ್ತು. ಹೊತ್ತು ಮುಳುಗಿದ ಮೇಲೆ ಉಣ್ಣದ ನೇಮ. ಗಡ್ಡೆ ತಿನ್ನದ ನೇಮ. ಅಜ್ಜ ಸಾಬೂನು ಮರೆತಾನು, ಕೊಡೆ ಮರೆತಾನು, ಹಿಡಿದ ನೇಮವನ್ನು ಮಾತ್ರ ಇಂದಿನವರೆಗೆ ಮರೆತಿರಲಿಲ್ಲ.

“ಅಜ್ಜಾ, ಒಂದ ನೇಮ ಹಿಡಿ. ನಾಳೆ ಮೈಕಿನ್ಯಾಗ ಸರ್ ಏನ್ ಹೇಳ್ತಾರ, ಅದನ್ನ ಹಂಗ ಹೇಳಿದಂಗ ಮಾಡ್ತೀನಿ ಅನ್ನು.”

ಅಜ್ಜ ಅವಳ ಮುಖ ನೋಡಿದ. “ನಿನಗ ಹಂಗಾದ್ರ ಸಮಾಧಾನ ಏನು?”

“ಹೂಂ.”

“ಹಿಡದ್ನಿ ತಗೋ,” ಎಂದು ಕೈಮುಗಿದ.

ಮರುದಿನ ಬೆಳಿಗ್ಗೆ ಏಳಕ್ಕೆ ಬರುತ್ತೇನೆಂದಿದ್ದ ಚೀಫ್ ಗೆಸ್ಟ್ ಬಂದಾಗ ಕಾರಖಾನೆಯ ಎಂಟರ ಭೋಂಗಾ ಕೂಗಿಯಾಗಿತ್ತು. ಅವರೂ ಅವರ ಮಂದಿಯೂ ಪೆಂಡಾಲಿನ ನೆರಳಲ್ಲಿ, ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳಲ್ಲಿ ಕೂತರು. ಅಜ್ಜ ಅಜ್ಜಿಯರು ಬಿಸಿಲಲ್ಲಿ, ನೆಲದ ಮೇಲೆ.

“ನಾ ಏಳಕ್ಕ ಬಂದಾಕಿ,” ಬ್ರಾಹ್ಮಿಯ ತರಗತಿಯ ಸುರಜನ ಅಜ್ಜಿ ಅಕ್ಕುತಾಯಿ ಗೊಣಗಿದಳು. “ನೋಡೋ ಸುರಜ, ಕಾಲ ಅದಾವೋ ಹೋಗ್ಯಾವೋ?”

ಬೇವಿನ ಗಿಡದ ಹತ್ತಿರ ಕಬ್ಬಿಣದ ಕುರ್ಚಿಯಲ್ಲಿ ಅಜ್ಜ ನೆಟ್ಟಗೆ ಕೂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಮುಂದಿನ ಸಾಲಿನಲ್ಲಿದ್ದ ಬ್ರಾಹ್ಮಿ ತಿರುತಿರುಗಿ ನೋಡುತ್ತಿದ್ದಳು. ಮೈಕು ‘ಕೈ ಎತ್ತಿ’ ಎಂದರೆ ಅಜ್ಜನ ಕೈ ಮೇಲೆ. ‘ಇಳಿಸಿ’ ಎಂದರೆ ಕೆಳಗೆ. ಒಂದೂ ತಪ್ಪಲಿಲ್ಲ. ‘ಈಗ ನಗು ನೋಡೋಣ’ ಎನ್ನುವಂತೆ ಅವಳು ಸಂದೇಶನ ಕಡೆ ಹುಬ್ಬು ಹಾರಿಸಿದಳು.

“ಈಗ ಎಲ್ಲಾರೂ ಉಸಿರು ಒಳಗ ತಗೋರಿ,” ಎಂದಿತು ಮೈಕು. “ಹಿಡೀರಿ! ನಾ ಇಪ್ಪತ್ತು ಎಣಸೂ ತನಕ ಯಾರೂ ಬಿಡಬ್ಯಾಡ್ರಿ! ಒಂದು... ಎರಡು...”

ಬ್ರಾಹ್ಮಿಯೂ ಕೆನ್ನೆ ಉಬ್ಬಿಸಿ ಹಿಡಿದಳು. ಒಂಬತ್ತಕ್ಕೆ ಕಿವಿಯಲ್ಲಿ ಗುಂಯ್ ಎಂದಿತು. ಆಗ ನೀಲಮ ಅಕ್ಕನ ಅಕ್ಷರ ಕಣ್ಣ ಮುಂದೆ ಬಂತು. ಅದರ ಕೆಳಗೆ ಎರಡು ಗೆರೆ ಎಳೆದಿತ್ತು. ಉಸಿರು ಹಿಡಿಯಬಾರದು.

ತಿರುಗಿ ನೋಡಿದಳು. ಅಜ್ಜ ಎರಡೂ ಕೈಯಿಂದ ಕುರ್ಚಿಯನ್ನು ಬಿಗಿಯಾಗಿ ಹಿಡಿದಿದ್ದ. ಹಣೆಯ ಮೇಲೆ ಬೆವರು. ತುಟಿ ಕಪ್ಪಗಾಗಿತ್ತು. ಕಣ್ಣು ಮಾತ್ರ ಮೈಕಿನ ಮೇಲೆಯೇ ನೆಟ್ಟಿತ್ತು.

“ಅಜ್ಜಾ! ಉಸಿರು ಬಿಡು!”

“ಏ ಹುಡುಗಿ, ಸಾಲ ಬಿಡಬ್ಯಾಡ! ಹನ್ನೊಂದು...”

ಬ್ರಾಹ್ಮಿ ಸಾಲು ಮುರಿದು ಓಡಿದಳು. ಯಾರದೋ ನೀರಿನ ಬಾಟಲಿ ಉರುಳಿತು. ಅಜ್ಜನ ಎರಡೂ ಭುಜ ಹಿಡಿದು ಅಲುಗಿಸಿದಳು. “ಬಿಡು ಅಜ್ಜಾ, ಬಿಡು!”

ಹಾ ಎಂದು ಅಜ್ಜನ ಉಸಿರು ಹೊರಬಿತ್ತು. ಅವನು ಏದುತ್ತ ಕುರ್ಚಿಗೆ ಒರಗಿದ.

“ಪ್ರೋಗ್ರಾಂ ನಡುವ ಏನಿದು?” ಮುರಗೆಪ್ಪ ಸರ್ ಮೈಕು ಹಿಡಿದೇ ಬಂದರು.

ಬ್ರಾಹ್ಮಿಗೆ ಹೆದರಿಕೆಯೇ ಆಗಲಿಲ್ಲ. “ಪೇಪರ್ ಕೊಟ್ಟಿದ್ನಲ್ರಿ! ಅಜ್ಜ ಉಸಿರು ಹಿಡೀಬಾರದು ಅಂತ ಬರದೈತ್ರಿ! ಕುರ್ಚಿ ಎಲ್ಲಿ ಇಡಬೇಕು ಅನ್ನೂದಷ್ಟ ನೋಡಿದ್ರಿ. ಪೇಪರ್ ಯಾರೂ ಓದಲಿಲ್ಲೇನ್ರಿ? ಒಬ್ರೂ ಓದಲಿಲ್ಲೇನ್ರಿ?”

ಮೈಕು ಚಾಲೂ ಇತ್ತು. ಅವಳ ಮಾತು ಮೈದಾನದ ಆಚೆಯ ಗೋಡೆಗೆ ಬಡಿದು ವಾಪಸು ಬಂತು.

ಸರ್ ಜೇಬಿಗೆ ಕೈ ಹಾಕಿದರು. ಮಡಿಕೆ ಬಿಚ್ಚಿ ಓದಿದರು. ಮೈಕು ಬಂದ್ ಮಾಡಿದರು. ಹೆಡ್ ಮೇಡಂ ಓಡಿಬಂದು ಅಜ್ಜನ ಅಂಗಿಯ ಗುಂಡಿ ಸಡಿಲಿಸಿದರು. “ಡಾಕ್ಟರ್ ಕಡೆ ಹೋಗೋಣ್ರಿ, ಗಾಡಿ ತರಸ್ತೀನಿ,” ಎಂದು ಫೋನ್ ತೆಗೆದರು.

ಅಷ್ಟರಲ್ಲಿ ಅಕ್ಕುತಾಯಿ ನೆಲಕ್ಕೆ ಕೈ ಊರಿ ಎದ್ದಳು. “ಬಿಸಲಾಗ ನಮ್ಮ ಜೀವ ತಗೀತೀರೇನೋ? ನಂಗೂ ಒಂದ ಕುರ್ಚಿ ಕೊಡ್ರಿ!” ಎಂದವಳೇ ಪೆಂಡಾಲಿಗೆ ಹೋಗಿ, ಬಿಳಿ ಬಟ್ಟೆಯ ಸಮೇತ ಒಂದು ಕುರ್ಚಿಯನ್ನು ಎಳೆದುಕೊಂಡು ಬಂದಳು. ಇನ್ನೂ ಇಬ್ಬರು ಅಜ್ಜಂದಿರು ಅತ್ತ ಕಡೆಗೆ ನಡೆದರು. ಚೀಫ್ ಗೆಸ್ಟ್ ತಾವೇ ಎದ್ದು ನಿಂತರು.

ಬ್ರಾಹ್ಮಿಗೆ ಅದನ್ನು ನೋಡಲು ಬಿಡುವಾಗಲಿಲ್ಲ. ಅಜ್ಜ ಅವಳ ತೋಳು ಜಗ್ಗುತ್ತಿದ್ದ.

“ಬ್ರಾಹ್ಮೀ, ಎಷ್ಟಕ್ಕ ಬಿಟ್ನಿ ನಾ?”

“ಹನ್ನೊಂದಕ್ಕ.”

“ಇಪ್ಪತ್ತ ಅಂದಿದ್ರಲ್ಲ.” ಅಜ್ಜನ ದನಿ ಸಣ್ಣದಾಯಿತು. “ನೇಮ ಮುರೀತಲ್ಲವಾ.”

ಬ್ರಾಹ್ಮಿಯ ಬಾಯಲ್ಲಿ ಇನ್ನೂ ಎಷ್ಟೋ ಸಿಟ್ಟಿನ ಮಾತುಗಳಿದ್ದವು. ಅವೆಲ್ಲ ಅಲ್ಲಿಯೇ ನಿಂತವು. ಒಬ್ಬರೂ ಓದಲಿಲ್ಲವೇ ಎಂದು ಕೂಗಿದ್ದಳು. ಮೊದಲಿಂದ ಕೊನೆಯವರೆಗೆ ಓದಿದವಳು ಒಬ್ಬಳಿದ್ದಳು. ನೇಮ ಕೊಟ್ಟವಳೂ ಅವಳೇ.

“ನೇಮ ಕೊಟ್ಟಾಕಿ ನಾನು ಅಜ್ಜಾ,” ಎಂದಳು ನಿಧಾನವಾಗಿ. “ನಾನ ಬಿಡಸೀನಿ. ನೀ ಮುರದಿಲ್ಲ.”

ಅಜ್ಜ ಹೌದೆಂಬಂತೆ ತಲೆ ಅಲ್ಲಾಡಿಸಿದ. ಅವನ ತುಟಿಗೆ ಮೆಲ್ಲಗೆ ಬಣ್ಣ ಬರತೊಡಗಿತ್ತು. ಗಾಡಿ ಬರುವವರೆಗೆ ಬ್ರಾಹ್ಮಿ ಕುರ್ಚಿಯ ಪಕ್ಕದಲ್ಲಿ, ಬೇವಿನ ನೆರಳಲ್ಲಿ ಕೂತಳು. ಅಜ್ಜ ಕಣ್ಣು ಮುಚ್ಚಿದ. ಹೆಬ್ಬೆರಳು ಮೊದಲ ಗೆಣ್ಣಿಗೆ ಹೋಯಿತು. ಮೆಲ್ಲಗೆ ಉಸಿರು ಒಳಗೆ, ಮೆಲ್ಲಗೆ ಹೊರಗೆ.

ಸ್ವಲ್ಪ ಹೊತ್ತಿಗೆ ಹೆಬ್ಬೆರಳು ನಿಂತಿತು.

“ಎಷ್ಟಾತವಾ?”

ಬ್ರಾಹ್ಮಿ ಎಣಿಸಿರಲಿಲ್ಲ. ಅಷ್ಟು ಹೊತ್ತೂ ಅವನ ಅಂಗಿ ಏರುವುದನ್ನು, ಇಳಿಯುವುದನ್ನು ನೋಡುತ್ತಿದ್ದಳು.

“ನಂಗೂ ಗೊತ್ತಿಲ್ಲ ಅಜ್ಜಾ,” ಎಂದಳು. “ಹೋಗಲಿ. ಮತ್ತ ಒಂದರಿಂದ.”

ಅಜ್ಜ ಒಂದು ಕಣ್ಣು ತೆರೆದು ನೋಡಿ ನಕ್ಕ. ಬ್ರಾಹ್ಮಿ ತನ್ನ ಹೆಬ್ಬೆರಳನ್ನು ಮೊದಲ ಗೆಣ್ಣಿನ ಮೇಲಿಟ್ಟು ಕಣ್ಣು ಮುಚ್ಚಿದಳು.