ಎರಡನೇ ಖಾನೆ

ಅವಳು ಫೋನಿನಲ್ಲಿ ಮಾತಾಡುತ್ತಿರುವಾಗಲೇ ಅವನು ವೈರು ಕಿತ್ತ.

"ಹಲೋ... ಹಲೋ?"

ಕಿವಿಯಲ್ಲಿ ಬರೀ ಮೌನ. ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಆದಮೇಲೆ ಅಂಥ ಮೌನವನ್ನು ಅವಳು ಕೇಳಿಯೇ ಇರಲಿಲ್ಲ. ಬಗ್ಗಿ ನೋಡಿದರೆ, ಮೇಜಿನ ಕೆಳಗಿಂದ ಧೂಳು ಮೆತ್ತಿದ ತಲೆಯೊಂದು ಮೇಲೆ ಬಂತು.

"ಕ್ಷಮಿಸಿ... ಈ ವೈರು ಯಾವುದಕ್ಕೂ ಸೇರಿಲ್ಲ ಅಂದ್ಕೊಂಡೆ."

"ಹೆರಿಗೆ ವಾರ್ಡಿಗೆ ಸೇರಿತ್ತು. ಒಬ್ಬ ಅಪ್ಪನಿಗೆ ಮಗು ಹುಟ್ಟಿದ ಸುದ್ದಿ ಹೇಳ್ತಿದ್ದೆ. ಗಂಡೋ ಹೆಣ್ಣೋ ಅನ್ನೋದರೊಳಗೆ ಕಿತ್ತಿರಿ."

ಅವನ ಮುಖ ಬಿಳುಚಿಕೊಂಡಿತು. "ಅಯ್ಯೋ... ಯಾವುದು?"

"ಹೆಣ್ಣು."

"ಬೇಗ ಹೇಳ್ರೀ ಪಾಪ, ಆ ಅಪ್ಪನ ಎದೆ ನಿಂತೇಹೋಗಿರುತ್ತೆ." ಎರಡೂ ಕೈಯಲ್ಲಿ ವೈರು ಹಿಡಿದು ಮತ್ತೆ ತುರುಕಿದ.

ಯಾರದೋ ಅಪ್ಪನಿಗಾಗಿ ಅವನು ಅಷ್ಟು ಒದ್ದಾಡಿದ್ದನ್ನು ನೋಡಿ ಅವಳ ಸಿಟ್ಟು ಅರ್ಧಕ್ಕೇ ಇಳಿದುಹೋಯಿತು. ಅವಳು ಅದನ್ನು ತೋರಿಸಿಕೊಳ್ಳಲಿಲ್ಲ, ಅದು ಬೇರೆ ಮಾತು.

ಅವನು ಟೆಕ್ನಿಷಿಯನ್. ಇಡೀ ಆಸ್ಪತ್ರೆಯ ಫೋನು, ಮೆಸೇಜು ಎಲ್ಲಾ ಇನ್ನು ಒಂದೇ ಸರ್ವರಿನ ಮೂಲಕ ಹೋಗಬೇಕು. ಅದನ್ನು ಕೂರಿಸಲು ಬಂದವನು. ನರ್ಸುಗಳು ಎರಡೇ ದಿನದಲ್ಲಿ ಅವನಿಗೆ 'ಗಡಿಯಾರ' ಅಂತ ಹೆಸರಿಟ್ಟರು. ಯಾವ ವಾರ್ಡಿಗೆ ಹೋದರೂ ಗೋಡೆಯ ಗಡಿಯಾರ ಹಿಂದೋ ಮುಂದೋ ಇದ್ದರೆ ಸಾಕು, ಸ್ಟೂಲು ಹತ್ತಿ ಸರಿ ಮಾಡದೆ ಅವನಿಗೆ ಸಮಾಧಾನವಿಲ್ಲ.

ವೈರುಗಳೆಲ್ಲ ಬಂದು ಸೇರುವುದು ಟೆಲಿಫೋನ್ ರೂಮಿಗೆ. ಹಾಗಾಗಿ ಅವನೂ ಅಲ್ಲೇ. ಕಿಟಕಿಯಿಂದ ಬೀಳುವ ಎಳೆಬಿಸಿಲು, ಸಣ್ಣಗೆ ಗುನುಗುವ ಫ್ಯಾನು, ಪಕ್ಕದ ಕುರ್ಚಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ ಅವನು... ಅವಳಿಗೆ ದಿನ ಹೋದದ್ದೇ ಗೊತ್ತಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕೇಳಿದಳು. "ಅಲ್ಲಾ, ಏನು ಬರೀತಿದೀರಿ ಅದರಲ್ಲಿ?"

"ಇದಕ್ಕೆ ಎರಡು ವಿಷಯ ಹೇಳಿಕೊಡಬೇಕು. ಒಂದು, ಯಾರದಾದರೂ ಹೆಸರು ಹೇಳಿದ್ರೆ ಅವರ ನಂಬರ್ ಯಾರನ್ನ ಕೇಳಬೇಕು ಅಂತ."

"ಅದು ನನ್ನ ಕೆಲಸ."

"ಹೌದು, ಅದೇ ಕೆಲಸ."

"ಹಾಗಾದ್ರೆ ನನ್ನನ್ನ ಮನೆಗೆ ಕಳಿಸ್ತಾರೆ."

ಅವನು ತಲೆಯೆತ್ತಿದ. "ಅಳ್ತಾ ಫೋನ್ ಮಾಡೋರಿಗೆ ಹೆಸರೂ ನೆನಪಿರಲ್ಲ, ನಂಬರೂ ನೆನಪಿರಲ್ಲ. ಅವರಿಗೆ ನೀವೇ ಬೇಕು. ಮೊದಲನೇ ದಿನವೇ ಮೇಲಿನವರಿಗೆ ಹೇಳಿದೀನಿ."

ಅವಳು ಪರದೆಯತ್ತ ಬಗ್ಗಿದಳು. ಮಾತು ತಿರುಗಿಸಿದಳು. "ಎರಡನೇ ವಿಷಯ?"

"ಟೈಮು. ಸರಿಯಾದ ಟೈಮ್ ಇಟ್ಟುಕೊಂಡಿರೋ ಯಂತ್ರಗಳು ದೂರದಲ್ಲಿರುತ್ತವೆ. ಇದು ಅವನ್ನ ಕೇಳಿ ತನ್ನ ಗಡಿಯಾರ ತಿದ್ದಿಕೊಳ್ಳುತ್ತೆ. ಅದನ್ನ ನಾಳೆ ಮಾಡ್ತೀನಿ, ಇವತ್ತು ಹೆಸರಿಂದು."

ಪರದೆಯ ಮೇಲೆ, ಯಾರನ್ನು ಕೇಳಬೇಕು ಅಂತ ತುಂಬಲು ಎರಡು ಖಾನೆ ಇದ್ದವು. ಮೊದಲನೆಯದು, ಎರಡನೆಯದು.

"ಎರಡನೇದು ಯಾಕೆ?"

"ಮೊದಲನೇದು ಉತ್ತರ ಕೊಡದಿದ್ರೆ ಇದನ್ನ ಕೇಳುತ್ತೆ."

"ಮೊದಲನೇದು ಚೆನ್ನಾಗಿರೋವರೆಗೂ ಅದನ್ನ ಯಾರೂ ಮಾತಾಡಿಸಲ್ವಾ? ಪಾಪ."

ಅವನು ನಕ್ಕ. ಅವಳು ನಗಲಿಲ್ಲ. ಹುಟ್ಟಿದಾಗಿನಿಂದ ಅವಳದು ಎರಡನೇ ಖಾನೆಯೇ. ಅಕ್ಕನಿಗೆ ಬಿಗಿಯಾದ ಬಟ್ಟೆ, ಅಕ್ಕ ಓದಿಬಿಟ್ಟ ಪುಸ್ತಕ. ಈ ಕೆಲಸ ಕೂಡ ಅಕ್ಕ ಬೇಡ ಅಂದಮೇಲೆ ಸಿಕ್ಕಿದ್ದು. ಒಂದೇ ಒಂದು ಸಲ ಯಾರಾದರೂ ಮೊದಲು ತನ್ನನ್ನೇ ಕೇಳಲಿ ಅಂತ ಅವಳಿಗೆ ಒಳಗೊಳಗೇ ಆಸೆ.

ಮರುದಿನ ಬೆಳಿಗ್ಗೆ ಎಂದಿನಂತೆ ಮೈಕು ಹಿಡಿದಳು. "ಎಲ್ಲರಿಗೂ ಶುಭೋದಯ. ಹೊಸ ರೋಗಿಗಳ ಹೆಸರು ನೋಂದಣಿ ಈಗ..." ಅಷ್ಟರಲ್ಲಿ ಸೀನು ಬಂತು. ಎಂಥ ಸೀನು ಅಂತೀರಿ, ಪ್ರತಿ ವಾರ್ಡಿಗೂ ಕೇಳಿಸಿತು. ಕಾಫಿ ಹೊತ್ತಿಗೆಲ್ಲ ಡಾಕ್ಟರುಗಳೂ ಬಂದು "ನೆಗಡಿಗೆ ಮಾತ್ರೆ ಕೊಡೋಣ್ವಾ" ಅಂತ ಕಾಲೆಳೆದು ಹೋದರು. ಕಾಲೆಳೆಯಲು ಅವನೊಬ್ಬ ಬರಲಿಲ್ಲ. ಮೇಲಿನ ಸರ್ವರ್ ರೂಮಿನಲ್ಲಿದ್ದವನು, ಮಧ್ಯಾಹ್ನ ರಜೆ ಹಾಕಿ ಹೊರಟೇಹೋಗಿದ್ದ.

ಯಾಕೆ ಹೋಗಿದ್ದ ಅನ್ನುವುದನ್ನು ಮರುದಿನ ಹೆಡ್ ನರ್ಸ್ ಬಾಯಿಬಿಟ್ಟರು.

"ನಿನ್ನೆ ಮಧ್ಯಾಹ್ನ ನಮ್ಮ ಪಕ್ಕದ ಮನೆ ಹುಡುಗಿ ಜೊತೆ ನಮ್ಮ ಗಡಿಯಾರಕ್ಕೆ ಮದುವೆ ಮಾತುಕತೆ ಇತ್ತು ಕಣೇ. ಇವನಕ್ಕ ನೋಡಿದ ಸಂಬಂಧ. ಯಾಕೋ ಮುರಿದುಬಿತ್ತಂತೆ."

ಅವಳು ಮುಖ ತಿರುಗಿಸಿ ಮೇಜು ನೋಡಿದಳು. ಆ ಹೊತ್ತಿಗೇ ಅವಳ ಮೇಜಿಗೆ ಬಂದ ಹೊಸ ಫೋನಿನಲ್ಲಿ ಪುಟ್ಟ ಕೆಂಪು ದೀಪ ಮಿನುಗುತ್ತಿತ್ತು. ಆಗಲೇ ಒಂದು ಧ್ವನಿ ಮೆಸೇಜು ಬಂದು ಕೂತಿದೆ. ಪರದೆಯಲ್ಲಿ ನಿನ್ನೆಯ ದಿನ, ಸಂಜೆ ಐದು ಗಂಟೆ. ಒತ್ತಿದರೆ ಅವನ ದನಿ.

"ಈ ಯಂತ್ರದಲ್ಲಿ ಇದೇ ಮೊದಲನೇ ಮೆಸೇಜು. ಅದು ನಿಮಗೇ ಇರಲಿ ಅಂತ... ನಂಗೆ ನೀವು ಇಷ್ಟ. ಮದುವೆ ಆಗ್ತೀರಾ?"

ಎಷ್ಟು ಕಾದಿದ್ದಳು ಈ ಮಾತಿಗೆ! ಆದರೆ ಸಂಜೆ ಐದಕ್ಕೆ... ಮಧ್ಯಾಹ್ನ ಅಲ್ಲಿ ಮುರಿದುಬಿತ್ತು, ಸಂಜೆ ಇಲ್ಲಿ ನೆನಪಾಯಿತು. ಇಲ್ಲೂ ತಾನು ಎರಡನೇ ಖಾನೆಯೇ.

ಅವನು ಬಾಗಿಲಲ್ಲಿ ಬಂದು ನಿಂತಾಗ ಅವಳು ತಲೆಯೆತ್ತಲಿಲ್ಲ.

"ಮೆಸೇಜು... ಕೇಳಿದ್ರಾ?"

"ಕೇಳಿದೆ. ಆಗಲ್ಲ."

ಅವನು ಯಾಕೆ ಅಂತ ಕೇಳಲಿಲ್ಲ. ಕೇಳಿದ್ದರೆ ಇಷ್ಟು ಹೊತ್ತಿಗೆ ನಮ್ಮ ಕಥೆ ಮುಗಿದೇಹೋಗುತ್ತಿತ್ತು. ಕೆಲವರಿಗೆ ಮರ್ಯಾದೆ ಸ್ವಲ್ಪ ಹೆಚ್ಚೇ ಇರುತ್ತದೆ, ಏನು ಮಾಡೋಣ.

ವಾರ ಕಳೆಯಿತು. ಪಕ್ಕದ ಕುರ್ಚಿಯಲ್ಲಿ ಬಿಸಿಲು ಮಾತ್ರ ಕೂರುತ್ತಿತ್ತು. ಕೆಲಸ ಮುಗಿದ ದಿನ ಅವನು ಬ್ಯಾಗು ಹೆಗಲಿಗೇರಿಸಿ ಬಂದ.

"ನಾಳೆಯಿಂದ ಬೇರೆ ಊರಲ್ಲಿ ಕೆಲಸ. ಹೋಗೋಕೆ ಮುಂಚೆ ಹಳೇ ಮೆಸೇಜುಗಳನ್ನ ಅಳಿಸ್ತೀನಿ. ಆ ಒಂದನ್ನೂ... ನಿಮಗೆ ಮುಜುಗರ ಬೇಡ."

"ಸರಿ," ಅಂದಳು. ಅವನು ಮೇಲಿನ ಮಹಡಿಗೆ ಹೋದ.

ಅಳಿಸಿಹೋಗುವ ಮುಂಚೆ ಆ ದನಿ ಒಂದೇ ಸಲ ಕೇಳಬೇಕು ಅನಿಸಿತು. ಹೆಡ್‌ಸೆಟ್ ಹಾಕಿಕೊಂಡು ಕಣ್ಣು ಮುಚ್ಚಿದಳು. ಅಂದು ಬರೀ ಮಾತು ಕೇಳಿದ್ದಳು, ಇಂದು ಅವನ ಉಸಿರನ್ನೂ ಕೇಳಿದಳು.

"...ಮದುವೆ ಆಗ್ತೀರಾ?"

ಆಮೇಲೆ ಅವನು ಫೋನು ಇಡುವ ಮುಂಚಿನ ಚೂರು ಮೌನ. ಆ ಮೌನದ ಹಿಂದೆ, ದೂರದಲ್ಲಿ, ಒಂದು ಹೆಣ್ಣುದನಿ. "ಎಲ್ಲರಿಗೂ ಶುಭೋದಯ. ಹೊಸ ರೋಗಿಗಳ ಹೆಸರು ನೋಂದಣಿ ಈಗ..."

ಸೀನು.

ಅವಳ ಕಣ್ಣು ಫಟ್ಟನೆ ತೆರೆಯಿತು. ಅದು ತನ್ನದೇ ಸೀನು! ಬೆಳಿಗ್ಗೆಯ ಸೀನು, ಸಂಜೆ ಐದರ ಮೆಸೇಜಿನಲ್ಲಿ ಹೇಗೆ?

'ಟೈಮಿಂದು ನಾಳೆ ಮಾಡ್ತೀನಿ' ಅಂದಿದ್ದ. ಹಾಗಾದರೆ ಇದನ್ನು ಹೇಳುವಾಗ ಸರ್ವರಿನ ಗಡಿಯಾರವೇ ಇನ್ನೂ ತಪ್ಪಾಗಿತ್ತು. ಮದುವೆ ಮಾತಿಗೆ ಮುಂಚೆಯೇ, ಬೆಳಿಗ್ಗೆಯೇ, ಎಲ್ಲರಿಗಿಂತ ಮೊದಲು ಅವನು ಕೇಳಿದ್ದು ತನ್ನನ್ನೇ!

ಓಡಿದರೆ ಲಿಫ್ಟು ಸಿಗುತ್ತೋ ಇಲ್ಲವೋ. ಅವಳು ಮೈಕು ಹಿಡಿದಳು.

"ಟೆಕ್ನಿಷಿಯನ್ ಅವರು ಎಲ್ಲಿದ್ದರೂ ಟೆಲಿಫೋನ್ ರೂಮಿಗೆ ಬರಬೇಕು. ಯಾವುದನ್ನೂ ಅಳಿಸಬೇಡಿ..." ಮೈಕನ್ನು ಇನ್ನೂ ಹತ್ತಿರ ಎಳೆದುಕೊಂಡಳು. "ದಯವಿಟ್ಟು ಬನ್ನಿ."

ವಾರ್ಡುಗಳಲ್ಲಿ ನರ್ಸುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅವನು ಏದುಸಿರು ಬಿಡುತ್ತಾ ಬಂದ. "ಏನಾಯ್ತು? ಲೈನ್ ಹೋಯ್ತಾ?"

ಅವಳು ಹೆಡ್‌ಸೆಟ್ಟನ್ನು ಅವನ ಕಿವಿಗೆ ಹಿಡಿದು, ಪರದೆಯ ಮೇಲಿನ ಐದು ಗಂಟೆಗೆ ಬೆರಳು ಇಟ್ಟಳು. ಅವನು ಕೇಳಿದ. ಸೀನು ಬಂದಾಗ ಹಣೆ ಚಚ್ಚಿಕೊಂಡ.

"ಈ ಯಂತ್ರ ಯಾವುದೋ ದೂರದ ದೇಶದ ಟೈಮೇ ತೋರಿಸ್ತಿತ್ತು. ನಾನು ಆಮೇಲೆ ಸರಿ ಮಾಡಿದೆ. ಈ ಮೆಸೇಜಿನ ಮೇಲಿನ ಟೈಮು ಹಾಗೇ ಉಳಿದಿದೆ."

"ಊರ ಗಡಿಯಾರವೆಲ್ಲ ತಿದ್ದಿ, ಇದೊಂದನ್ನ ಬಿಟ್ಟಿರಿ."

"ಮೊದಲು ನಿಮಗೆ ಹೇಳಬೇಕು ಅನ್ನೋ ಅವಸರದಲ್ಲಿ..." ಅವನು ಬ್ಯಾಗು ಕೆಳಗಿಟ್ಟ. "ಅವತ್ತು ನಾನು ಹೋಗಿದ್ದು ಆ ಸಂಬಂಧ ಬೇಡ ಅನ್ನೋಕೆ. ಅಕ್ಕ ನನ್ನ ಕೇಳದೆ ಮಾತು ಕೊಟ್ಟಿದ್ಲು. ಮನಸ್ಸಲ್ಲಿ ಒಬ್ಬರಿದಾರೆ ಅಂತ ಅಲ್ಲಿ ಹೇಳಿಬಂದೆ."

ಅವಳ ಕಣ್ಣು ತುಂಬಿಬಂತು. ಅವನು ಪಕ್ಕದ ಕುರ್ಚಿ ಎಳೆದುಕೊಂಡು ಕೂತ. ಬಿಸಿಲು ಜಾಗ ಬಿಟ್ಟುಕೊಟ್ಟಿತು.

"ನಿಮ್ಮ ಮೊದಲನೇ ಖಾನೆಯಲ್ಲಿ ಯಾರಿದಾರೆ?" ಮೆಲ್ಲಗೆ ಕೇಳಿದಳು.

"ಸೀನಿದೋರು."

"ಎರಡನೇದರಲ್ಲಿ?"

"ಅದು ಸರ್ವರಿಗೆ ಬೇಕು," ಅಂದ ಅವನು. "ನನಗೆ ಬೇಡ."