ಹಳದಿ ಬಾಚಣಿಗೆಯ ಮಂತ್ರ

"ನೀನ್ಯಾಕೆ ಬಂದೆ?"

ಸಭಾಂಗಣದ ಬಾಗಿಲಲ್ಲಿ ಅಯಾನ್ ಕೇಳಿದ್ದು ಅಷ್ಟೇ. ಮೈಮೇಲೆ ಮಾಂತ್ರಿಕನ ಕಪ್ಪು ನಿಲುವಂಗಿ, ತಲೆಯ ಮೇಲೆ ಚೂಪು ಟೋಪಿ. ಮುಖದಲ್ಲಿ ಮಾತ್ರ ಹ್ಯಾಲೋವೀನ್‌ನ ಗೆಲುವು ಇರಲಿಲ್ಲ.

ಮೂರು ತಿಂಗಳಿಗೂ ಹೆಚ್ಚಾಗಿತ್ತು ಅವನ ದನಿ ಕೇಳಿ. ತೇಜಶ್ರೀ ಅವನ ಟೋಪಿಯನ್ನೇ ನೋಡುತ್ತಾ ಹೇಳಿದಳು.

"ಶೋ ನೋಡೋಕೆ..."

"ಸರಿ. ಹಿಂದ್ಗಡೆ ಜಾಗ ಇದೆ."

ಪರಿಚಯವೇ ಇಲ್ಲದವರಿಗೆ ಹೇಳುವ ಹಾಗೆ ಹೇಳಿ ಅವನು ಒಳಗೆ ಹೋದ.

ಇಬ್ಬರೂ ಹನ್ನೆರಡರ ವಯಸ್ಸಿನಲ್ಲಿ ಅಮೆರಿಕದ ಬಾಥೆಲ್ ಊರಿನ ಒಂದೇ ಶಾಲೆಗೆ ಬಂದು ಸೇರಿದವರು. ಅವನು ಮೈಸೂರಿನಿಂದ, ಇವಳು ಹಾಸನದಿಂದ. ಇಂಗ್ಲಿಷ್ ತಡವರಿಸುತ್ತಿದ್ದ ದಿನಗಳಲ್ಲಿ ಊಟದ ಕೋಣೆಯ ಮೂಲೆಯಲ್ಲಿ ಕೂತು ಕನ್ನಡದಲ್ಲಿ ಹರಟುತ್ತಾ ಸ್ನೇಹಿತರಾದರು. ಈಗ ಇಬ್ಬರಿಗೂ ಇಪ್ಪತ್ತು.

ಕಳೆದ ಮೂರು ಹ್ಯಾಲೋವೀನ್‌ಗಳಲ್ಲಿ ಪಕ್ಕದೂರು ಕೆನ್ಮೋರ್‌ನ ಇದೇ ಸಭಾಂಗಣದಲ್ಲಿ ಅವರಿಬ್ಬರ ಮ್ಯಾಜಿಕ್ ನಡೆದಿತ್ತು. ತೇಜು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ವೇದಿಕೆಯ ಮೇಲೆ ಕೂರುತ್ತಿದ್ದಳು. ಅಯಾನ್ ಯಾವುದೋ ಮಗುವಿನ ಕೈಯಲ್ಲಿದ್ದ ವಸ್ತು ಎತ್ತಿ ತೋರಿಸಿ, ಇದೇನೆಂದು ಅವಳನ್ನು ಕೇಳುತ್ತಿದ್ದ. ಅವನ ಪ್ರಶ್ನೆಯ ಮೊದಲ ಪದದಲ್ಲೇ ಗುಟ್ಟಿರುತ್ತಿತ್ತು. 'ಕ್ವಿಕ್' ಎಂದರೆ ಗಡಿಯಾರ, 'ನೌ' ಎಂದರೆ ಬಾಚಣಿಗೆ, 'ಪ್ಲೀಸ್' ಎಂದರೆ ಕನ್ನಡಕ. ಇಂಥ ನೂರಾರು ಸನ್ನೆಮಾತುಗಳನ್ನು ಇಬ್ಬರೂ ಸೇರಿ ಕಟ್ಟಿದ್ದರು. ಜಗತ್ತಿನಲ್ಲಿ ಬೇರೆ ಯಾರಿಗೂ ಅವು ಗೊತ್ತಿರಲಿಲ್ಲ.

ಈ ಜೂನ್‌ನಲ್ಲಿ ತೇಜುವಿಗೆ ನಗರದ ಸೌತ್ ಲೇಕ್ ಯೂನಿಯನ್ ಬಡಾವಣೆಯ ಒಂದು ಕಂಪನಿಯಲ್ಲಿ ಇಂಟರ್ನ್‌ಶಿಪ್ ಸಿಕ್ಕಿತು. ಜುಲೈನಲ್ಲಿ ಒಂದು ದಿನ ಅಯಾನ್ ತನ್ನ ತಾಯಿ ಅತಿಯಾ ಆಂಟಿ ಮಾಡಿದ ಶಾವಿಗೆ ಖೀರಿನ ಡಬ್ಬಿಯನ್ನು ಆಫೀಸಿನ ರಿಸೆಪ್ಶನ್‌ನಲ್ಲಿ ಇಟ್ಟು ಹೋಗಿದ್ದ. ಅವಳನ್ನು ಕರೆಯಲೂ ಇಲ್ಲ. ಅವತ್ತಿನಿಂದ ಫೋನ್ ಎತ್ತಲಿಲ್ಲ, ಮೆಸೇಜ್‌ಗೆ ಉತ್ತರವಿಲ್ಲ. ಮೊನ್ನೆ ಲೈಬ್ರರಿಯ ಗೋಡೆಯ ಮೇಲೆ ಈ ವರ್ಷದ ಮ್ಯಾಜಿಕ್ ಶೋನ ಪೋಸ್ಟರ್ ಕಂಡಿತು: ಅಯಾನ್ ಮತ್ತು ನಿಸರ್ಗ.

ನಿಸರ್ಗ ಅವನ ಕಾಲೇಜಿನ ಹುಡುಗಿ. ಅವನು ಬೇರೆ ಹುಡುಗಿಯ ಜೊತೆ ಓಡಾಡಿದರೆ ಹೇಗೋ ತಡೆದುಕೊಳ್ಳಬಹುದಿತ್ತು. ಆದರೆ ನಮ್ಮ ಸನ್ನೆಮಾತುಗಳನ್ನೇ ಅವಳಿಗೆ ಕೊಟ್ಟುಬಿಟ್ಟನಲ್ಲ... ಆ ಯೋಚನೆಗೆ ತೇಜುವಿಗೆ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ.

ಶೋ ಶುರುವಾಯಿತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತ ನಿಸರ್ಗ ಮೊದಲ ಎರಡು ವಸ್ತುಗಳನ್ನು ಹೇಗೋ ಹೇಳಿದಳು. ಮೂರನೆಯದಕ್ಕೆ, ಕುಂಬಳಕಾಯಿ ವೇಷದ ಪುಟ್ಟ ಹುಡುಗಿಯೊಬ್ಬಳು ಹಳದಿ ಬಾಚಣಿಗೆ ಕೊಟ್ಟಳು. ಅಯಾನ್ 'ಪ್ಲೀಸ್' ಎಂದು ಪ್ರಶ್ನೆ ಶುರು ಮಾಡಿದ.

ಅಯ್ಯೋ, ತಪ್ಪು ಹೇಳ್ತಿದಾನೆ, ಎಂದುಕೊಂಡಳು ತೇಜು.

ನಿಸರ್ಗ ಸುಮ್ಮನೆ ಕೂತಿದ್ದಳು. ಅವನು ಮತ್ತೆ ಕೇಳಿದ. ಉತ್ತರವಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಯಾನ್‌ನ ಕಿವಿ ಕೆಂಪಾಗುವುದು ತೇಜುವಿಗೆ ಅಷ್ಟು ದೂರದಿಂದಲೂ ಕಂಡಿತು. ಕುಂಬಳಕಾಯಿ ಹುಡುಗಿಯ ಮುಖ ಅಳುವಂತಾಯಿತು.

ತೇಜು ಯೋಚಿಸಲಿಲ್ಲ. ಎರಡೂ ಕೈ ಮೇಲೆತ್ತಿ, ಮಂತ್ರ ಹೇಳುವವರ ಹಾಗೆ ರಾಗವಾಗಿ ಎಳೆದಳು.

"ಹಳದೀ... ಬಾಚಣಿಗೇ... ಹಳದೀ... ಬಾಚಣಿಗೇ..."

ಮಕ್ಕಳು ಅದನ್ನು ನಿಜವಾದ ಮಂತ್ರವೆಂದೇ ತಿಳಿದು ತಾವೂ ಕೂಗತೊಡಗಿದರು. ಅಮೆರಿಕದಲ್ಲೇ ಹುಟ್ಟಿದ ನಿಸರ್ಗಳಿಗೆ ಕನ್ನಡ ಮಾತಾಡಲು ಬಾರದಿದ್ದರೂ ಅರ್ಥವಾಗುತ್ತಿತ್ತು. ಅವಳು ನಗು ತಡೆದುಕೊಂಡು ಸರಿಯಾದ ಉತ್ತರ ಹೇಳಿದಳು. ಸಭಾಂಗಣವೆಲ್ಲ ಚಪ್ಪಾಳೆ.

ಆ ಚಪ್ಪಾಳೆ ನಿಲ್ಲುವ ಮೊದಲೇ ತೇಜು ಹೊರಗೆ ಬಂದಿದ್ದಳು.

ಸಭಾಂಗಣದ ಹಿಂದಿನ ಸರೋವರದ ದಂಡೆಯ ಬೆಂಚಿನ ಮೇಲೆ ಕೂತಾಗ ಅಳು ಒತ್ತರಿಸಿಕೊಂಡು ಬಂತು. ಅವರಿಬ್ಬರ ಜೋಡಿಯನ್ನು ನಾನೇ ಗೆಲ್ಲಿಸಿ ಬಂದೆನಲ್ಲ! ಸಂಜೆಯ ಬಿಸಿಲಲ್ಲಿ ನೀರಿನ ಮೇಲಿಂದಲೇ ಹಾರುವ ಪುಟ್ಟ ವಿಮಾನವೊಂದು ಅಲೆಗಳನ್ನು ಸೀಳಿಕೊಂಡು ಮೇಲೆದ್ದಿತು. ಅದರ ಸದ್ದಿಗೆ ಅಯಾನ್ ಬಂದು ನಿಂತದ್ದು ಅವಳಿಗೆ ತಿಳಿಯಲಿಲ್ಲ.

"ಥ್ಯಾಂಕ್ಸ್," ಎಂದ.

"ಅವಳಿಗೆ ಸರಿಯಾಗಿ ಹೇಳ್ಕೊಡಬಾರದಿತ್ತಾ? 'ಪ್ಲೀಸ್' ಅಂದ್ರೆ ಕನ್ನಡಕ ಕಣೋ."

"ನಮ್ಮಲ್ಲಿ ಕನ್ನಡಕ. ಅವಳಿಗೆ ಬಾಚಣಿಗೆ." ಅವನು ನೀರಿನ ಕಡೆ ನೋಡಿದ. "ನಮ್ಮದನ್ನ ಕೊಡೋಕೆ ಮನಸ್ಸು ಬರ್ಲಿಲ್ಲ ತೇಜು. ಎಲ್ಲಾ ಹೊಸದಾಗಿ ಮಾಡಿದೆ. ಪಾಪ, ಎರಡೇ ವಾರದಲ್ಲಿ ಅವಳು ಎಷ್ಟು ಅಂತ ಕಲೀತಾಳೆ?"

ತೇಜು ಕಣ್ಣೊರೆಸಿಕೊಂಡಳು. "ಹಾಗಾದ್ರೆ ನನ್ನ ಯಾಕೆ ಬಿಟ್ಟೆ?"

ಅವನು ಟೋಪಿಯ ಅಂಚು ಸರಿಪಡಿಸಿಕೊಂಡ. ಆಮೇಲೆ ನಿಧಾನವಾಗಿ ಹೇಳಿದ. ಖೀರು ತಂದ ದಿನ ಆಫೀಸಿನ ಕೆಳಗಿನ ಕಾಫಿ ಅಂಗಡಿಯಲ್ಲಿ ಅವಳ ಬೆನ್ನ ಹಿಂದೆಯೇ ಅವನು ನಿಂತಿದ್ದನಂತೆ.

ತೇಜುವಿಗೆ ತಟ್ಟನೆ ನೆನಪಾಯಿತು. ಜೊತೆಗೆ ಕೆಲಸ ಮಾಡುತ್ತಿದ್ದ ಅಭಿಲಾಷ್, ಅವಳ ಫೋನಿನಲ್ಲಿದ್ದ ಅಯಾನ್‌ನ ಫೋಟೋ ನೋಡಿ, ಬಾಯ್‌ಫ್ರೆಂಡಾ ಎಂದು ಕೇಳಿದ್ದ. ಅವಳು ನಕ್ಕು, ಛೆ, ಇವನು ಟೋಪಿ ಹಾಕ್ಕೊಂಡು ಮಕ್ಕಳನ್ನ ಆಡಿಸೋನು ಅಷ್ಟೇ, ಎಂದಿದ್ದಳು. ಎಲ್ಲರೂ ನಕ್ಕಿದ್ದರು.

ತಮಾಷೆಗೆ ಅಂದೆ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಅವಳು ಜಾರಿಕೊಳ್ಳಲಿಲ್ಲ.

"ಅಂದಿದ್ದೆ. ಅವರ ಮುಂದೆ ದೊಡ್ಡವಳ ಥರ ಕಾಣ್ಬೇಕಿತ್ತು ನಂಗೆ. ಅದಕ್ಕೆ ನಿನ್ನ ಚಿಕ್ಕವನು ಮಾಡ್ಬಿಟ್ಟೆ." ಅವಳ ದನಿ ಒಡೆಯಿತು. "ನೀನಂದ್ರೆ ನಂಗೆ ಇಷ್ಟ ಅಯಾನ್. ಅವತ್ತೂ ಇಷ್ಟ ಇತ್ತು. ಅದಕ್ಕೇ ಇನ್ನೂ ಜಾಸ್ತಿ ನಾಚಿಕೆ ಆಗ್ತಿದೆ."

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನ ಕಣ್ಣೂ ತುಂಬಿತ್ತು.

"ನಂಗೂ ಇಷ್ಟ. ಬೇರೆ ಯಾರಾದ್ರೂ ಅಂದಿದ್ರೆ ಇಷ್ಟು ನೋವಾಗ್ತಿರ್ಲಿಲ್ಲ. ಅದಿನ್ನೂ ಹೋಗಿಲ್ಲ ತೇಜು."

"ಹೋಗೋ ತನಕ ಕೂತಿರ್ತೀನಿ."

"ಚಳಿ ಆಗತ್ತೆ ನಿಂಗೆ."

"ಆಗ್ಲಿ."

ಅವನು ಬೆಂಚಿನ ಮೇಲೆ ಅವಳ ಪಕ್ಕದಲ್ಲಿ, ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ ಕೂತ.